ಅಲ್ಲೇ ಯಾಕೆ? ಭೂಗೋಳದ ಬಗ್ಗೆ ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಭೂಗೋಳ ಅಂದರೆ ರಾಜಧಾನಿಗಳ ಹೆಸರು, ನದಿಗಳ ಉದ್ದ, ಶಿಖರಗಳ ಎತ್ತರ ಬಾಯಿಪಾಠ ಮಾಡುವುದು ಅಂತ ತುಂಬಾ ಮಕ್ಕಳು ತಿಳಿದಿರುತ್ತಾರೆ. ಬೇಸರ ಬರುವುದೂ ಅದಕ್ಕೇ. ನಿಜ ಹೇಳಬೇಕೆಂದರೆ ಈ ವಿಷಯದಲ್ಲಿ ಇರುವುದು ಎರಡೇ ಪ್ರಶ್ನೆ. ಅದು ಎಲ್ಲಿದೆ? ಅಲ್ಲೇ ಯಾಕಿದೆ? ಮೊದಲನೆಯದಕ್ಕೆ ನಕ್ಷೆ ನೋಡಿದರೆ ಸಾಕು. ಎರಡನೆಯದಕ್ಕೆ ತಲೆ ಓಡಿಸಬೇಕು, ಮಜಾ ಇರುವುದೂ ಅಲ್ಲೇ. ಕೆಳಗಿನ ಉತ್ತರಗಳನ್ನು ಓದುವಾಗ ಆ ಎರಡನೆಯ ಪ್ರಶ್ನೆ ನಿಮ್ಮ ಜೊತೆಗಿರಲಿ.

ಪ್ರಾಕೃತಿಕ ಭೂಗೋಳಕ್ಕೂ ಮಾನವ ಭೂಗೋಳಕ್ಕೂ ಏನು ವ್ಯತ್ಯಾಸ?

ಬೆಟ್ಟ, ನದಿ, ಗಾಳಿ, ಮಳೆ, ಮಣ್ಣು, ಸಮುದ್ರ, ಇವುಗಳ ಕೆಲಸವನ್ನು ನೋಡುವುದು ಪ್ರಾಕೃತಿಕ ಭೂಗೋಳ. ಜನ ಎಲ್ಲಿ ನೆಲೆಸುತ್ತಾರೆ, ಏನು ಬೆಳೆಯುತ್ತಾರೆ, ಯಾಕೆ ಊರು ಬಿಡುತ್ತಾರೆ, ನಗರ ಹೇಗೆ ಬೆಳೆಯುತ್ತದೆ, ಗಡಿ ಎಲ್ಲಿ ಬೀಳುತ್ತದೆ ಅಂತ ನೋಡುವುದು ಮಾನವ ಭೂಗೋಳ.

ಪುಸ್ತಕದಲ್ಲಿ ಇವು ಬೇರೆ ಬೇರೆ ಪಾಠ. ನೆಲದ ಮೇಲೆ ಹಾಗಿಲ್ಲ. ಈಜಿಪ್ಟನ್ನೇ ತೆಗೆದುಕೊಳ್ಳಿ. ಆ ದೇಶದ ಬಹುಪಾಲು ಮರಳುಗಾಡು. ಹೆಚ್ಚುಕಡಿಮೆ ಎಲ್ಲ ಜನರೂ ನೈಲ್ ನದಿಯ ಪಕ್ಕದ ಸಣ್ಣ ಪಟ್ಟಿಯಲ್ಲಿ ಮತ್ತು ಅದರ ಮುಖಜಭೂಮಿಯಲ್ಲಿ ವಾಸಿಸುತ್ತಾರೆ. ಇದು ಯಾವ ಪಾಠಕ್ಕೆ ಸೇರಬೇಕು? ನದಿಯನ್ನು ಬಿಟ್ಟು ಅಲ್ಲಿನ ಜನರ ಬಗ್ಗೆ ಬರೆಯಲು ಆಗುವುದಿಲ್ಲ. ಜನರನ್ನು ಬಿಟ್ಟು ಈಗಿನ ನೈಲ್ ಬಗ್ಗೆ ಬರೆಯಲೂ ಆಗುವುದಿಲ್ಲ, ಯಾಕೆಂದರೆ ಅದರ ನೀರು ಯಾವಾಗ ಎಷ್ಟು ಹರಿಯಬೇಕು ಅಂತ ಅಸ್ವಾನ್ ಅಣೆಕಟ್ಟು ತೀರ್ಮಾನಿಸುತ್ತದೆ.

ಅಕ್ಷಾಂಶ, ರೇಖಾಂಶ ಯಾವಾಗಲೂ ಗೊಂದಲ ಆಗುತ್ತವೆ. ನೆನಪಿಟ್ಟುಕೊಳ್ಳುವುದು ಹೇಗೆ?

ಸುಮ್ನೆ ಸೂತ್ರ ಹುಡುಕಬೇಡಿ, ಕೆಲಸ ತಿಳಿದುಕೊಳ್ಳಿ. ಸಮಭಾಜಕ ವೃತ್ತದಿಂದ ಎಷ್ಟು ಉತ್ತರಕ್ಕೆ ಅಥವಾ ದಕ್ಷಿಣಕ್ಕೆ ಇದ್ದೀರಿ ಅಂತ ಹೇಳುವುದು ಅಕ್ಷಾಂಶ. ಬಿಸಿಲು ಎಷ್ಟು ನೇರ ಬೀಳುತ್ತದೆ, ಹಗಲು ಎಷ್ಟು ಉದ್ದ ಅನ್ನುವುದು ಇದರ ಮೇಲೆ ನಿಂತಿದೆ. ಪೂರ್ವಕ್ಕೆ ಅಥವಾ ಪಶ್ಚಿಮಕ್ಕೆ ಎಷ್ಟು ದೂರ ಅಂತ ಹೇಳುವುದು ರೇಖಾಂಶ. ಗಡಿಯಾರ ಎಷ್ಟು ತೋರಿಸಬೇಕು ಅನ್ನುವುದು ಇದಕ್ಕೆ ಸೇರಿದ್ದು. ಅಕ್ಷಾಂಶ ಬಿಸಿಲಿಗೆ, ರೇಖಾಂಶ ಸಮಯಕ್ಕೆ. ಅಷ್ಟೇ.

ಇನ್ನೊಂದು ಮಾತು. ಅಕ್ಷಾಂಶದ ಸೊನ್ನೆಯನ್ನು ಭೂಮಿಯ ತಿರುಗುವಿಕೆಯೇ ನಿಗದಿ ಮಾಡಿದೆ. ಎರಡು ಧ್ರುವಗಳ ನಟ್ಟನಡುವೆ ಇರುವ ವೃತ್ತ ಒಂದೇ ಒಂದು. ರೇಖಾಂಶಕ್ಕೆ ಅಂಥ ಸಹಜ ಸೊನ್ನೆ ಇಲ್ಲ. 1884ರಲ್ಲಿ ವಾಷಿಂಗ್ಟನ್‌ನಲ್ಲಿ ಹಲವು ದೇಶಗಳ ಪ್ರತಿನಿಧಿಗಳು ಕೂತು ಲಂಡನ್ನಿನ ಗ್ರೀನಿಚ್ ಮೂಲಕ ಹೋಗುವ ಗೆರೆಯನ್ನು ಸೊನ್ನೆ ಅಂತ ಒಪ್ಪಿಕೊಂಡರು. ಅಂದರೆ ಒಂದು ಸೊನ್ನೆ ಪ್ರಕೃತಿಯದು, ಇನ್ನೊಂದು ಮನುಷ್ಯರದು.

ಯಂತ್ರವಿಲ್ಲದ ಕಾಲದಲ್ಲಿ ಭೂಮಿಯ ಸುತ್ತಳತೆ ಹೇಗೆ ಕಂಡುಹಿಡಿದರು?

ನನಗೆ ಇಡೀ ಭೂಗೋಳದಲ್ಲಿ ತುಂಬಾ ಇಷ್ಟವಾದ ಕಥೆ ಇದು. ಕ್ರಿ.ಪೂ. 240ರ ಸುಮಾರಿಗೆ ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಗ್ರಂಥಾಲಯ ನೋಡಿಕೊಳ್ಳುತ್ತಿದ್ದ ಎರಟೋಸ್ತನೀಸ್ ಎಂಬ ವಿದ್ವಾಂಸನಿಗೆ ಒಂದು ಸಂಗತಿ ಗೊತ್ತಿತ್ತು. ದಕ್ಷಿಣದ ಸೈಯೀನ್ ಎಂಬ ಊರಿನಲ್ಲಿ, ಅಂದರೆ ಇಂದಿನ ಅಸ್ವಾನ್‌ನಲ್ಲಿ, ವರ್ಷದ ಅತಿ ಉದ್ದದ ಹಗಲಿನ ನಡು ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ. ಬಿಸಿಲು ಬಾವಿಯ ತಳ ಮುಟ್ಟುತ್ತದೆ. ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಅದೇ ಹೊತ್ತಿಗೆ ಅಲೆಕ್ಸಾಂಡ್ರಿಯಾದಲ್ಲಿ ನೆರಳು ಬೀಳುತ್ತಿತ್ತು. ಅಳೆದಾಗ ಆ ಕೋನ ಇಡೀ ವೃತ್ತದ 50ನೇ ಒಂದು ಪಾಲು ಬಂತು, ಅಂದರೆ ಸುಮಾರು 7.2 ಡಿಗ್ರಿ.

ಭೂಮಿ ಚಪ್ಪಟೆಯಾಗಿದ್ದರೆ ಎರಡೂ ಕಡೆ ನೆರಳು ಒಂದೇ ಥರ ಇರಬೇಕಿತ್ತು, ಅಲ್ವಾ? ಇಲ್ಲ ಅಂದಮೇಲೆ ನೆಲ ಬಾಗಿದೆ. ಎರಡು ಊರುಗಳ ನಡುವಿನ ದೂರ ಸುತ್ತಳತೆಯ 50ನೇ ಒಂದು ಪಾಲಾದರೆ, ಆ ದೂರವನ್ನು 50ರಿಂದ ಗುಣಿಸಿದರೆ ಇಡೀ ಭೂಮಿಯ ಸುತ್ತಳತೆ ಸಿಗುತ್ತದೆ. ಬಂದ ಉತ್ತರ ಇಂದು ನಮಗೆ ಗೊತ್ತಿರುವ ಸುಮಾರು 40,000 ಕಿ.ಮೀ.ಗೆ ಹತ್ತಿರವಿತ್ತು. ಒಂದು ಕೋಲು, ಒಂದು ನೆರಳು, ಒಂದು ಒಳ್ಳೆಯ ಪ್ರಶ್ನೆ. ಇಷ್ಟೇ ಸಾಕಾಯಿತು.

ಸಮಯ ವಲಯಗಳು ನೇರ ಗೆರೆಗಳಾಗಿ ಯಾಕಿಲ್ಲ?

ಭೂಮಿ 24 ಗಂಟೆಯಲ್ಲಿ 360 ಡಿಗ್ರಿ ತಿರುಗುತ್ತದೆ. ಗಂಟೆಗೆ 15 ಡಿಗ್ರಿ, ಒಂದು ಡಿಗ್ರಿಗೆ 4 ನಿಮಿಷ. ಲೆಕ್ಕ ನೇರವಾಗಿದೆ, ಆದರೆ ಗಡಿಯಾರವನ್ನು ನಿಗದಿ ಮಾಡುವುದು ಸರಕಾರಗಳು. ಚೀನಾ ಅಷ್ಟು ಅಗಲವಿದ್ದರೂ ಅಧಿಕೃತವಾಗಿ ಒಂದೇ ಸಮಯ ಇಟ್ಟುಕೊಂಡಿದೆ. ನೇಪಾಳ ಗ್ರೀನಿಚ್‌ಗಿಂತ 5 ಗಂಟೆ 45 ನಿಮಿಷ ಮುಂದಿದೆ.

ಬೇಸಿಗೆಯಲ್ಲಿ ಭೂಮಿ ಸೂರ್ಯನಿಗೆ ಹತ್ತಿರ ಹೋಗುತ್ತದೆಯೇ?

ಇಲ್ಲ. ತುಂಬಾ ಜನ ತಪ್ಪುವ ಜಾಗ ಇದು. ಭೂಮಿ ಸೂರ್ಯನಿಗೆ ಅತಿ ಹತ್ತಿರ ಬರುವುದು ಜನವರಿ ಮೊದಲ ವಾರದಲ್ಲಿ, ಸುಮಾರು 14.7 ಕೋಟಿ ಕಿ.ಮೀ. ದೂರಕ್ಕೆ. ಅತಿ ದೂರ ಹೋಗುವುದು ಜುಲೈನಲ್ಲಿ, ಸುಮಾರು 15.2 ಕೋಟಿ ಕಿ.ಮೀ. ದೂರವೇ ಕಾರಣವಾಗಿದ್ದರೆ ಜನವರಿಯಲ್ಲಿ ಇಡೀ ಜಗತ್ತಿಗೆ ಬೇಸಿಗೆ ಇರಬೇಕಿತ್ತು.

ಕಾರಣ ಭೂಮಿಯ ಓರೆ. ಅದರ ಅಕ್ಷ ಸುಮಾರು 23.5 ಡಿಗ್ರಿ ವಾಲಿದೆ, ಮತ್ತು ವರ್ಷಪೂರ್ತಿ ಒಂದೇ ದಿಕ್ಕಿಗೆ ವಾಲಿರುತ್ತದೆ. ಜೂನ್‌ನಲ್ಲಿ ಉತ್ತರಾರ್ಧ ಸೂರ್ಯನ ಕಡೆಗೆ ಬಾಗಿರುತ್ತದೆ. ಆಗ ಅಲ್ಲಿ ಬಿಸಿಲು ನೇರ, ಹಗಲು ಉದ್ದ. ಡಿಸೆಂಬರ್‌ನಲ್ಲಿ ಸರದಿ ದಕ್ಷಿಣದ್ದು. ಟಾರ್ಚನ್ನು ಕಾಗದದ ಮೇಲೆ ನೇರವಾಗಿ ಹಿಡಿದು ನೋಡಿ, ಆಮೇಲೆ ಓರೆಯಾಗಿ ಹಿಡಿದು ನೋಡಿ. ಬೆಳಕು ಅಷ್ಟೇ, ಆದರೆ ಓರೆಯಾದಾಗ ಅದು ಜಾಸ್ತಿ ಜಾಗಕ್ಕೆ ಹರಡಿ ಮಂಕಾಗುತ್ತದೆ.

ನಕ್ಷೆಯಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ. ನಿಜವೇ?

ನಿಜವಲ್ಲ. ಆಫ್ರಿಕಾ ಗ್ರೀನ್‌ಲ್ಯಾಂಡಿಗಿಂತ ಸುಮಾರು 14 ಪಟ್ಟು ದೊಡ್ಡದು. ದುಂಡಗಿನ ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸುವಾಗ ಏನಾದರೂ ಒಂದು ಹಾಳಾಗಲೇಬೇಕು. ಆಕಾರ, ವಿಸ್ತೀರ್ಣ, ದೂರ, ದಿಕ್ಕು, ಎಲ್ಲವನ್ನೂ ಒಟ್ಟಿಗೆ ಉಳಿಸಲು ಆಗುವುದೇ ಇಲ್ಲ. ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಅನ್ನುವ ಆಯ್ಕೆಗೆ ನಕ್ಷಾ ಪ್ರಕ್ಷೇಪ ಎನ್ನುತ್ತಾರೆ.

ಗೋಡೆಗಳ ಮೇಲೆ ಹೆಚ್ಚಾಗಿ ಕಾಣುವ ನಕ್ಷೆಯ ಮೂಲ 1569ರಲ್ಲಿ ಮರ್ಕೇಟರ್ ಮಾಡಿದ ಪ್ರಕ್ಷೇಪ. ಅವನು ಅದನ್ನು ನಾವಿಕರಿಗಾಗಿ ಮಾಡಿದ. ದಿಕ್ಸೂಚಿಯನ್ನು ಒಂದೇ ಕೋನಕ್ಕೆ ಹಿಡಿದು ಹೋಗುವ ದಾರಿ ಅದರಲ್ಲಿ ನೇರ ಗೆರೆಯಾಗಿ ಬರುತ್ತದೆ. ಹಡಗಿಗೆ ಅದು ವರ. ಅದಕ್ಕೆ ಕೊಟ್ಟ ಬೆಲೆ ಏನೆಂದರೆ, ಧ್ರುವದ ಕಡೆಗೆ ಹೋದಂತೆಲ್ಲ ಪ್ರದೇಶಗಳು ಉಬ್ಬುತ್ತವೆ. ಮರ್ಕೇಟರ್ ಮಾಡಿದ್ದು ತಪ್ಪಲ್ಲ. ಹಡಗಿನ ನಕ್ಷೆಯನ್ನು ದೇಶಗಳ ಗಾತ್ರ ಹೋಲಿಸಲು ಬಳಸುವುದು ತಪ್ಪು. ನಕ್ಷೆ ಕೈಗೆ ಬಂದಾಗ ಇದನ್ನು ಯಾವ ಕೆಲಸಕ್ಕೆ ಮಾಡಿದ್ದಾರೆ ಅಂತ ಮೊದಲು ಕೇಳಿಕೊಳ್ಳಿ.

ದೊಡ್ಡ ಪ್ರಮಾಣದ ನಕ್ಷೆ ಅಂದರೆ ದೊಡ್ಡ ಪ್ರದೇಶದ ನಕ್ಷೆಯೇ?

ತಿರುಗಾಮುರುಗಾ. 1:25,000 ದೊಡ್ಡ ಪ್ರಮಾಣ, 1:10,00,000 ಸಣ್ಣ ಪ್ರಮಾಣ. ಇವು ಭಿನ್ನರಾಶಿಗಳು, ನಕ್ಷೆಯ ಮೇಲಿನ ದೂರ ನೆಲದ ಮೇಲಿನ ದೂರದ ಎಷ್ಟನೇ ಪಾಲು ಅಂತ ಹೇಳುತ್ತವೆ. 25 ಸಾವಿರದ ಒಂದು ಪಾಲು 10 ಲಕ್ಷದ ಒಂದು ಪಾಲಿಗಿಂತ ದೊಡ್ಡದು. ದೊಡ್ಡ ಪ್ರಮಾಣದ ನಕ್ಷೆ ಸಣ್ಣ ಜಾಗವನ್ನು ಬಿಡಿಬಿಡಿಯಾಗಿ ತೋರಿಸುತ್ತದೆ.

ಸಮೋನ್ನತಿ ರೇಖೆಗಳನ್ನು ಓದುವುದು ಹೇಗೆ?

ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳಿವು. ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಇಳಿಜಾರು. ದೂರ ದೂರ ಇದ್ದರೆ ನಿಧಾನದ ಇಳಿಜಾರು. ಕಣಿವೆಯಲ್ಲಿ ಗೆರೆ ಮೊನೆಯಾಗಿ ಬಾಗುತ್ತದೆ, ಆ ಮೊನೆ ನೀರು ಬರುವ ಮೇಲ್ಭಾಗದ ಕಡೆಗೆ ಇರುತ್ತದೆ. ಇದು ಗೊತ್ತಿದ್ದರೆ ನದಿ ಯಾವ ಕಡೆ ಹರಿಯುತ್ತದೆ ಅಂತ ಬಾಣದ ಗುರುತಿಲ್ಲದೆ ಹೇಳಬಹುದು.

ಭೂಮಿಯ ಒಳಗೆ ಯಾರೂ ಹೋಗಿಲ್ಲ. ಒಳಗೆ ಏನಿದೆ ಅಂತ ಹೇಗೆ ಗೊತ್ತು?

ಮನುಷ್ಯ ಕೊರೆದ ಅತಿ ಆಳದ ಕೊಳವೆ ರಷ್ಯಾದ ಕೋಲಾ ಪರ್ಯಾಯದ್ವೀಪದಲ್ಲಿದೆ, ಸುಮಾರು 12.2 ಕಿ.ಮೀ. ಭೂಮಿಯ ಕೇಂದ್ರ ಇರುವುದು ಸುಮಾರು 6,371 ಕಿ.ಮೀ. ಆಳದಲ್ಲಿ. ಅಂದರೆ ನಾವು ಹೊರಸಿಪ್ಪೆಯನ್ನೂ ದಾಟಿಲ್ಲ.

ಒಳಗಿನ ಸುದ್ದಿ ತರುವುದು ಭೂಕಂಪದ ಅಲೆಗಳು. ಅವುಗಳಲ್ಲಿ ಒಂದು ಬಗೆ, ಎಸ್ ಅಲೆಗಳು, ದ್ರವದ ಮೂಲಕ ಹೋಗಲಾರವು. ದೊಡ್ಡ ಭೂಕಂಪವಾದಾಗ ಭೂಮಿಯ ಆಚೆ ಬದಿಯ ಒಂದು ದೊಡ್ಡ ಭಾಗಕ್ಕೆ ಈ ಅಲೆಗಳು ತಲುಪುವುದೇ ಇಲ್ಲ. ನಡುವೆ ಏನೋ ಕರಗಿದ ಪದರ ತಡೆದಿದೆ ಎಂದಾಯಿತು. ಅದೇ ಹೊರ ಕೇಂದ್ರಗೋಳ. 1936ರಲ್ಲಿ ಡೆನ್ಮಾರ್ಕಿನ ಇಂಗೆ ಲೆಹ್ಮನ್ ಎಂಬ ವಿಜ್ಞಾನಿ ಅಲೆಗಳ ದಾಖಲೆಗಳನ್ನು ಕೂತು ಪರಿಶೀಲಿಸಿ, ಆ ದ್ರವದ ಒಳಗೆ ಇನ್ನೊಂದು ಗೋಳ ಇದೆ ಎಂದು ತೋರಿಸಿದರು. ಆ ಒಳಗೋಳ ಗಟ್ಟಿ.

ಖಂಡಗಳು ನಿಜವಾಗಿಯೂ ಚಲಿಸುತ್ತವೆಯೇ? ನಮಗೆ ಯಾಕೆ ಗೊತ್ತಾಗುವುದಿಲ್ಲ?

ಚಲಿಸುತ್ತವೆ. ವರ್ಷಕ್ಕೆ ಕೆಲವು ಸೆಂಟಿಮೀಟರ್, ಹೆಚ್ಚುಕಡಿಮೆ ಉಗುರು ಬೆಳೆಯುವ ವೇಗದಲ್ಲಿ. ನಿಮ್ಮ ಉಗುರು ಬೆಳೆಯುವುದೂ ಕಣ್ಣಿಗೆ ಕಾಣುವುದಿಲ್ಲ, ಅಲ್ವಾ?

1912ರಲ್ಲಿ ಆಲ್ಫ್ರೆಡ್ ವೆಗೆನರ್ ಎಂಬ ಜರ್ಮನ್ ವಿಜ್ಞಾನಿ ಇದನ್ನು ಮುಂದಿಟ್ಟರು. ದಕ್ಷಿಣ ಅಮೆರಿಕ ಮತ್ತು ಆಫ್ರಿಕಾದ ಅಂಚುಗಳು ಒಂದಕ್ಕೊಂದು ಹೊಂದುತ್ತವೆ. ಅದು ಕಾಕತಾಳೀಯ ಅನ್ನಬಹುದು. ಆದರೆ ಮೆಸೊಸಾರಸ್ ಎಂಬ ಸಿಹಿನೀರಿನ ಸಣ್ಣ ಸರೀಸೃಪದ ಪಳೆಯುಳಿಕೆ ಎರಡೂ ಕಡೆ ಸಿಗುತ್ತದೆ. ಅದು ಅಟ್ಲಾಂಟಿಕ್ ಸಾಗರವನ್ನು ಈಜಿ ದಾಟಿರಲು ಸಾಧ್ಯವಿಲ್ಲ. ಬಂಡೆಗಳ ಪದರಗಳೂ ಹರಿದ ಹಾಳೆಯ ಎರಡು ತುಂಡಿನಂತೆ ಕೂಡುತ್ತವೆ. ಸಾಕ್ಷಿ ಇಷ್ಟಿದ್ದರೂ ಹೆಚ್ಚಿನವರು ಒಪ್ಪಲಿಲ್ಲ. ಅಷ್ಟು ದೊಡ್ಡ ನೆಲವನ್ನು ತಳ್ಳುವುದು ಯಾವುದು ಎಂಬ ಪ್ರಶ್ನೆಗೆ ವೆಗೆನರ್ ಬಳಿ ಸರಿಯಾದ ಉತ್ತರ ಇರಲಿಲ್ಲ. 1930ರಲ್ಲಿ ಗ್ರೀನ್‌ಲ್ಯಾಂಡಿನ ಹಿಮದಲ್ಲಿ ಅವರು ತೀರಿಕೊಂಡರು.

ಆ ಪ್ರಶ್ನೆಗೆ ಉತ್ತರ ಇದ್ದದ್ದು ಸಮುದ್ರದ ತಳದಲ್ಲಿ. 1950ರ ದಶಕದಲ್ಲಿ ಅಮೆರಿಕದ ಭೂವಿಜ್ಞಾನಿ ಮೇರಿ ಥಾರ್ಪ್ ಅಟ್ಲಾಂಟಿಕ್ ತಳದ ಆಳದ ಅಳತೆಗಳಿಂದ ನಕ್ಷೆ ಬರೆಯುತ್ತಿದ್ದಾಗ ಸಾಗರದ ನಡುವಿನ ಪರ್ವತ ಸಾಲಿನುದ್ದಕ್ಕೂ ಒಂದು ಬಿರುಕು ಕಣಿವೆ ಕಂಡರು. ಅಲ್ಲಿ ಒಳಗಿನಿಂದ ಹೊಸ ಬಂಡೆ ಮೇಲೆ ಬಂದು ತಳ ಎರಡೂ ಕಡೆಗೆ ಸರಿಯುತ್ತಿದೆ. ಆ ಸಾಲಿನ ಹತ್ತಿರದ ಬಂಡೆ ಎಳೆಯದು, ದೂರ ಹೋದಷ್ಟೂ ಹಳೆಯದು. ಭೂಮಿಯ ಹೊರಪದರ ಹೀಗೆ ಸರಿಯುವ ದೊಡ್ಡ ತುಂಡುಗಳಾಗಿದೆ, ಈಗ ನಾವು ಭೂಫಲಕಗಳು ಎನ್ನುವುದು ಈ ತುಂಡುಗಳನ್ನೇ. ಅವು ದೂರ ಸರಿದಲ್ಲಿ ಸಾಗರ ಅಗಲವಾಗುತ್ತದೆ. ಒಂದು ಇನ್ನೊಂದರ ಕೆಳಗೆ ತೂರಿದಲ್ಲಿ ಆಳದ ಕಂದಕ ಮತ್ತು ಜ್ವಾಲಾಮುಖಿ. ಎರಡು ಖಂಡಗಳೇ ಡಿಕ್ಕಿಯಾದರೆ ಯಾವುದೂ ಸುಲಭಕ್ಕೆ ಮುಳುಗುವುದಿಲ್ಲ, ನೆಲ ಮಡಚಿ ಮೇಲೇಳುತ್ತದೆ. ಹಿಮಾಲಯ ಎದ್ದದ್ದು ಹಾಗೆ. ಸುಮಾರು 5 ಕೋಟಿ ವರ್ಷದ ಹಿಂದೆ ಶುರುವಾದ ಆ ಡಿಕ್ಕಿ ಇನ್ನೂ ಮುಗಿದಿಲ್ಲ. ಎವರೆಸ್ಟ್ ತುದಿಯ ಸುಣ್ಣದ ಕಲ್ಲಿನಲ್ಲಿ ಸಮುದ್ರ ಜೀವಿಗಳ ಪಳೆಯುಳಿಕೆ ಇದೆ. 8,848 ಮೀಟರ್ ಎತ್ತರದಲ್ಲಿ ಹಳೆಯ ಸಮುದ್ರದ ತಳ!

ಭೂಕಂಪದ ಪ್ರಮಾಣ ಜಾಸ್ತಿಯಾದರೆ ಸಾವು ಕೂಡ ಜಾಸ್ತಿಯೇ?

ಹಾಗೇನಿಲ್ಲ. ಭೂಕಂಪ ಬಿಡುಗಡೆ ಮಾಡುವ ಶಕ್ತಿಯನ್ನು ಹೇಳುವುದು ಪ್ರಮಾಣ. ಅಳತೆಯಲ್ಲಿ ಒಂದು ಅಂಕಿ ಮೇಲೆ ಹೋದರೆ ಶಕ್ತಿ ಸುಮಾರು 32 ಪಟ್ಟು ಏರುತ್ತದೆ. ಒಂದೊಂದು ಜಾಗದಲ್ಲಿ ಎಷ್ಟು ನಡುಕ, ಎಷ್ಟು ಹಾನಿ ಅಂತ ಹೇಳುವುದು ತೀವ್ರತೆ. ಒಂದು ಭೂಕಂಪಕ್ಕೆ ಪ್ರಮಾಣ ಒಂದೇ, ತೀವ್ರತೆ ಊರಿಗೊಂದು.

2010ರ ಎರಡು ಭೂಕಂಪಗಳನ್ನು ಪಕ್ಕಪಕ್ಕ ಇಡಿ. ಜನವರಿಯಲ್ಲಿ ಹೈಟಿಯಲ್ಲಿ 7.0, ಫೆಬ್ರವರಿಯಲ್ಲಿ ಚಿಲಿಯಲ್ಲಿ 8.8. ಚಿಲಿಯದು ಸುಮಾರು 500 ಪಟ್ಟು ಜಾಸ್ತಿ ಶಕ್ತಿಯದು. ಅಲ್ಲಿ ಸತ್ತವರು 500ರ ಆಸುಪಾಸು. ಹೈಟಿಯಲ್ಲಿ ಲಕ್ಷಕ್ಕೂ ಹೆಚ್ಚು. ಹೈಟಿಯ ಭೂಕಂಪ ರಾಜಧಾನಿಗೆ ಹತ್ತಿರ, ಕಡಿಮೆ ಆಳದಲ್ಲಿ ಆಯಿತು. ಅದು ಒಂದು ಕಾರಣ. ಇನ್ನೊಂದು ಕಾರಣ ಕಟ್ಟಡಗಳು. 1960ರಲ್ಲಿ ದಾಖಲಾದವುಗಳಲ್ಲೇ ಅತಿ ದೊಡ್ಡದಾದ 9.5ರ ಭೂಕಂಪ ಕಂಡಿದ್ದ ಚಿಲಿ, ಕಟ್ಟಡ ಹೇಗಿರಬೇಕು ಅಂತ ಬಿಗಿಯಾದ ನಿಯಮ ಮಾಡಿಕೊಂಡಿತ್ತು. ಬಡತನದಲ್ಲಿದ್ದ ಹೈಟಿಯಲ್ಲಿ ಗಟ್ಟಿಯಿಲ್ಲದ ಮನೆಗಳು ಜನರ ಮೇಲೆ ಬಿದ್ದವು. ನೆಲ ನಡುಗುವುದು ಪ್ರಕೃತಿಯ ಕೆಲಸ. ಅದು ದುರಂತವಾಗುವುದೋ ಇಲ್ಲವೋ ಅನ್ನುವುದರಲ್ಲಿ ಮನುಷ್ಯರ ಪಾಲು ದೊಡ್ಡದು. ಪರೀಕ್ಷೆಯಲ್ಲಿ ವಿಪತ್ತಿನ ಬಗ್ಗೆ ಬರೆಯುವಾಗ ದಯವಿಟ್ಟು ಈ ಎರಡನೇ ಭಾಗ ಬಿಡಬೇಡಿ.

ಶಿಥಿಲೀಕರಣ ಮತ್ತು ಸವೆತ ಒಂದೇ ಅಲ್ಲವೇ?

ಬಂಡೆ ಇದ್ದಲ್ಲೇ ಬಿರುಕು ಬಿಟ್ಟು ಪುಡಿಯಾದರೆ ಶಿಥಿಲೀಕರಣ. ಆ ಪುಡಿಯನ್ನು ನೀರು, ಗಾಳಿ ಅಥವಾ ಹಿಮನದಿ ಹೊತ್ತುಕೊಂಡು ಹೋದರೆ ಸವೆತ. ಎಲ್ಲೋ ಇಳಿಸಿದರೆ ಸಂಚಯನ. ಒಡೆಯುವುದು, ಸಾಗಿಸುವುದು, ಇಳಿಸುವುದು.

ನದಿ ನೇರವಾಗಿ ಯಾಕೆ ಹರಿಯುವುದಿಲ್ಲ?

ಬೆಟ್ಟದಲ್ಲಿ ನದಿಗೆ ಇಳಿಜಾರು ಜಾಸ್ತಿ. ಅದು ಕೆಳಮುಖವಾಗಿ ಕೊರೆಯುತ್ತದೆ, ಕಣಿವೆ ಆಳವಾಗುತ್ತದೆ. ಬಯಲಿಗೆ ಬಂದಮೇಲೆ ಇಳಿಜಾರು ಕಡಿಮೆ, ನೀರು ಪಕ್ಕಕ್ಕೆ ಕೊರೆಯಲು ಶುರು ಮಾಡುತ್ತದೆ. ಒಂದು ಸಣ್ಣ ಬಾಗು ಇದ್ದರೂ ಸಾಕು. ಬಾಗಿನ ಹೊರಬದಿಯಲ್ಲಿ ನೀರು ಜೋರು, ಅಲ್ಲಿ ದಂಡೆ ಕುಸಿಯುತ್ತದೆ. ಒಳಬದಿಯಲ್ಲಿ ನಿಧಾನ, ಅಲ್ಲಿ ಮರಳು ಕೂರುತ್ತದೆ. ಹೊರಗೆ ಕಡಿ, ಒಳಗೆ ತುಂಬು. ಹೀಗೆ ಬಾಗು ತಾನೇ ತನ್ನನ್ನು ದೊಡ್ಡದು ಮಾಡಿಕೊಳ್ಳುತ್ತದೆ. ಒಂದು ದಿನ ಪ್ರವಾಹ ಬಂದು ಬಾಗಿನ ಸಣ್ಣ ಕತ್ತನ್ನು ಕತ್ತರಿಸಿ ನೇರ ಹೋಗುತ್ತದೆ. ಬಿಟ್ಟುಹೋದ ತುಂಡು ಕುದುರೆ ಲಾಳದ ಆಕಾರದ ಸರೋವರವಾಗಿ ಉಳಿಯುತ್ತದೆ. ಉಪಗ್ರಹ ಚಿತ್ರದಲ್ಲಿ ಅಮೆಜಾನ್ ಜಲಾನಯನದ ಬಯಲು ನದಿಗಳನ್ನು ನೋಡಿ. ಇಂಥ ಲಾಳಗಳು ಲೆಕ್ಕವಿಲ್ಲದಷ್ಟು ಸಿಗುತ್ತವೆ.

ಹವಾಮಾನ, ವಾಯುಗುಣ: ಯಾವುದು ಯಾವುದು?

ಕನ್ನಡದಲ್ಲಿ ಓದುವವರಿಗೆ ಇದು ನಿಜವಾದ ತೊಡಕು. ಪಠ್ಯದಲ್ಲಿ ಇವತ್ತಿನ ಬಿಸಿಲು, ಮಳೆ, ಗಾಳಿಗೆ ಹವಾಮಾನ ಅನ್ನುತ್ತಾರೆ. ಒಂದು ಪ್ರದೇಶದ ದೀರ್ಘಕಾಲದ ಸರಾಸರಿ ಸ್ಥಿತಿಗೆ ವಾಯುಗುಣ ಅನ್ನುತ್ತಾರೆ. ಆ ಸರಾಸರಿಗೆ ಸಾಮಾನ್ಯವಾಗಿ 30 ವರ್ಷದ ದಾಖಲೆ ಬಳಸುತ್ತಾರೆ. ಪತ್ರಿಕೆಗಳಲ್ಲಿ ಮಾತ್ರ ‘ಹವಾಮಾನ ಬದಲಾವಣೆ’ ಅಂತ ಬರೆಯುವುದು ರೂಢಿ. ಅಲ್ಲಿ ಅವರು ಹೇಳುತ್ತಿರುವುದು ವಾಯುಗುಣದ ಬದಲಾವಣೆ. ಪದ ಒಂದೇ ಇದ್ದರೂ ಅರ್ಥ ಬೇರೆ ಅಂತ ನೆನಪಿರಲಿ.

ಈ ವ್ಯತ್ಯಾಸ ಗೊತ್ತಿಲ್ಲದವರು, ಈ ವರ್ಷ ಚಳಿ ಜೋರಾಗಿದೆ, ಭೂಮಿ ಬಿಸಿಯಾಗುತ್ತಿದೆ ಅನ್ನುವುದು ಸುಳ್ಳು ಎಂದು ವಾದಿಸುತ್ತಾರೆ. ಒಂದು ಚಳಿಗಾಲ ಹವಾಮಾನ. ದಶಕಗಳ ದಿಕ್ಕು ವಾಯುಗುಣ. ಹವಾಯಿಯ ಮೌನಾ ಲೋವಾದಲ್ಲಿ 1958ರಿಂದ ಗಾಳಿಯ ಇಂಗಾಲದ ಡೈಆಕ್ಸೈಡ್ ಅಳೆಯುತ್ತಿದ್ದಾರೆ. ಆಗ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 315 ಪಾಲು ಇತ್ತು. ಈಗ 420 ದಾಟಿದೆ.

ಬೆಟ್ಟದ ಒಂದು ಕಡೆ ಮಾತ್ರ ಮಳೆ ಯಾಕೆ?

ಸಮುದ್ರದಿಂದ ಬಂದ ತೇವದ ಗಾಳಿಗೆ ಬೆಟ್ಟ ಅಡ್ಡ ಬಂದರೆ ಅದು ಮೇಲೇರಬೇಕು. ಮೇಲೆ ಹೋದಂತೆ ಒತ್ತಡ ಕಡಿಮೆ, ಗಾಳಿ ಹಿಗ್ಗಿ ತಣ್ಣಗಾಗುತ್ತದೆ. ತಣ್ಣನೆ ಗಾಳಿ ಹೆಚ್ಚು ಆವಿ ಹಿಡಿದಿಟ್ಟುಕೊಳ್ಳಲಾರದು. ಮಳೆ ಸುರಿಯುತ್ತದೆ. ಆಚೆ ಬದಿಗೆ ಇಳಿಯುವಾಗ ಅದೇ ಗಾಳಿ ಬಿಸಿಯಾಗಿ ಒಣಗುತ್ತದೆ. ಆ ಒಣ ಬದಿಯೇ ಮಳೆ ನೆರಳಿನ ಪ್ರದೇಶ. ದಕ್ಷಿಣ ಚಿಲಿಯಲ್ಲಿ ದಟ್ಟ ಮಳೆಕಾಡು, ಆಂಡಿಸ್ ದಾಟಿದ ಕೂಡಲೇ ಅರ್ಜೆಂಟೀನಾದ ಪ್ಯಾಟಗೋನಿಯಾದ ಒಣ ಬಯಲು. ನಡುವೆ ಇರುವುದು ಬೆಟ್ಟ ಒಂದೇ.

ಮರುಭೂಮಿಗಳು ಸಮಭಾಜಕದ ಮೇಲೆ ಯಾಕಿಲ್ಲ? ಅಲ್ಲೇ ತಾನೇ ಬಿಸಿಲು ಜಾಸ್ತಿ?

ಬಿಸಿಲು ಜಾಸ್ತಿ ಇರುವುದರಿಂದಲೇ ಅಲ್ಲಿ ಗಾಳಿ ಮೇಲೇರುತ್ತದೆ, ಮಳೆ ಸುರಿಯುತ್ತದೆ. ನೀರು ಕಳೆದುಕೊಂಡ ಆ ಗಾಳಿ ಮೇಲಿನಿಂದಲೇ ಉತ್ತರಕ್ಕೂ ದಕ್ಷಿಣಕ್ಕೂ ಸಾಗಿ 30 ಡಿಗ್ರಿ ಅಕ್ಷಾಂಶದ ಸುತ್ತಮುತ್ತ ಕೆಳಗಿಳಿಯುತ್ತದೆ. ಇಳಿಯುವ ಗಾಳಿಯಲ್ಲಿ ಮೋಡ ಕಟ್ಟುವುದಿಲ್ಲ. ಸಹಾರಾ, ಅರೇಬಿಯಾ, ಕಲಹಾರಿ, ಆಸ್ಟ್ರೇಲಿಯಾದ ಮರುಭೂಮಿ, ಎಲ್ಲವೂ ಹೆಚ್ಚುಕಡಿಮೆ ಈ ಪಟ್ಟಿಗಳಲ್ಲೇ ಇವೆ. ಮಂಗೋಲಿಯಾ ಮತ್ತು ಚೀನಾದ ಗೋಬಿಯ ಕಾರಣ ಬೇರೆ. ಅದು ಸಮುದ್ರದಿಂದ ತುಂಬಾ ದೂರ, ನಡುವೆ ದೊಡ್ಡ ಬೆಟ್ಟಗಳು. ಚಿಲಿಯ ಅಟಕಾಮಾಕ್ಕೆ ಇಳಿಯುವ ಗಾಳಿಯ ಜೊತೆಗೆ ಪಕ್ಕದ ತಣ್ಣನೆಯ ಸಾಗರ ಪ್ರವಾಹವೂ ಆಂಡಿಸ್ ಕೂಡ ಸೇರಿಕೊಂಡಿವೆ.

ಮರುಭೂಮಿ ಅಂದರೆ ಬಿಸಿ ಅಂತಲ್ಲ, ಮಳೆ ಹಿಮ ಕಡಿಮೆ ಅಂತ. ಆ ಲೆಕ್ಕದಲ್ಲಿ ಜಗತ್ತಿನ ಅತಿ ದೊಡ್ಡ ಮರುಭೂಮಿ ಅಂಟಾರ್ಟಿಕಾ.

ಭೂಮಿ ತಿರುಗುವುದರಿಂದ ಸಿಂಕಿನ ನೀರು ಉತ್ತರದಲ್ಲಿ ಒಂದು ಕಡೆ, ದಕ್ಷಿಣದಲ್ಲಿ ಇನ್ನೊಂದು ಕಡೆ ಸುತ್ತುತ್ತದೆ ಅನ್ನುವುದು ನಿಜವೇ?

ಸಿಂಕಿನ ಮಟ್ಟಿಗೆ ನಿಜವಲ್ಲ. ಭೂಮಿ ತಿರುಗುವುದರಿಂದ ಗಾಳಿ, ನೀರು ಪಕ್ಕಕ್ಕೆ ತಿರುಗುವುದಕ್ಕೆ ಕೊರಿಯೋಲಿಸ್ ಪರಿಣಾಮ ಅನ್ನುತ್ತಾರೆ; ಅಷ್ಟು ಸಣ್ಣ ಜಾಗದಲ್ಲಿ ಅದು ಲೆಕ್ಕಕ್ಕೆ ಬರುವುದಿಲ್ಲ, ಸಿಂಕಿನ ಆಕಾರವೇ ಎಲ್ಲ ತೀರ್ಮಾನಿಸುತ್ತದೆ. ನೂರಾರು ಕಿ.ಮೀ. ಅಗಲದ ಚಂಡಮಾರುತದಲ್ಲಿ ಅದು ನಿಜ. ಉತ್ತರಾರ್ಧದಲ್ಲಿ ಅಪ್ರದಕ್ಷಿಣವಾಗಿ, ದಕ್ಷಿಣಾರ್ಧದಲ್ಲಿ ಪ್ರದಕ್ಷಿಣವಾಗಿ ಸುತ್ತುತ್ತವೆ. ಸಮಭಾಜಕದ ತೀರಾ ಹತ್ತಿರ ಈ ಪರಿಣಾಮ ಸೊನ್ನೆಗೆ ಇಳಿಯುವುದರಿಂದ ಅಲ್ಲಿ ಚಂಡಮಾರುತ ಹುಟ್ಟುವುದೇ ಅಪರೂಪ.

ಎಲ್ ನಿನೋ ಬಂದರೆ ಬರಗಾಲ ಖಚಿತವೇ?

ಸಾಮಾನ್ಯ ವರ್ಷಗಳಲ್ಲಿ ಪೂರ್ವದಿಂದ ಬೀಸುವ ವಾಣಿಜ್ಯ ಮಾರುತಗಳು ಪೆಸಿಫಿಕ್ ಸಾಗರದ ಬಿಸಿ ನೀರನ್ನು ಪಶ್ಚಿಮಕ್ಕೆ ತಳ್ಳುತ್ತವೆ. ಪೆರು ತೀರದಲ್ಲಿ ಆಳದ ತಣ್ಣನೆ ನೀರು ಮೇಲೆ ಬರುತ್ತದೆ, ಅದರಲ್ಲಿ ಪೋಷಕಾಂಶ ಇರುವುದರಿಂದ ಮೀನು ಹೇರಳ. ಕೆಲವು ವರ್ಷಗಳಿಗೊಮ್ಮೆ ಆ ಮಾರುತ ಬಲ ಕಳೆದುಕೊಳ್ಳುತ್ತದೆ. ಬಿಸಿ ನೀರು ಪೂರ್ವಕ್ಕೆ ಮರಳುತ್ತದೆ. ಇದೇ ಎಲ್ ನಿನೋ. ಪೆರುವಿನ ಒಣ ತೀರದಲ್ಲಿ ಮಳೆ, ಇಂಡೋನೇಷ್ಯಾ ಮತ್ತು ಆಸ್ಟ್ರೇಲಿಯಾದಲ್ಲಿ ಬರ. ಕ್ರಿಸ್‌ಮಸ್ ಹೊತ್ತಿಗೆ ಕಾಣಿಸಿಕೊಳ್ಳುತ್ತಿದ್ದರಿಂದ ಅಲ್ಲಿನ ಮೀನುಗಾರರು ಬಾಲ ಯೇಸುವಿನ ಹೆಸರಿಟ್ಟರು.

ಭಾರತದ ಮುಂಗಾರು ಇಂಥ ವರ್ಷಗಳಲ್ಲಿ ಸೊರಗುವ ಸಾಧ್ಯತೆ ಜಾಸ್ತಿ. ಆದರೆ ಖಚಿತವಲ್ಲ. 1997ರಲ್ಲಿ ಶತಮಾನದಲ್ಲೇ ಬಲವಾದ ಎಲ್ ನಿನೋಗಳಲ್ಲಿ ಒಂದು ಬಂತು, ಮುಂಗಾರು ಮಾತ್ರ ಸಾಮಾನ್ಯವಾಗಿಯೇ ಇತ್ತು. ‘ಆಗುತ್ತದೆ’ ಮತ್ತು ‘ಆಗುವ ಸಾಧ್ಯತೆ ಹೆಚ್ಚು’ ಎಂಬ ಎರಡು ಮಾತುಗಳ ಅಂತರವನ್ನು ಉತ್ತರಪತ್ರಿಕೆಯಲ್ಲಿ ಉಳಿಸಿಕೊಳ್ಳಿ.

ಜನಸಾಂದ್ರತೆ ಕಡಿಮೆ ಅಂದರೆ ಜನ ಆರಾಮಾಗಿದ್ದಾರೆ ಅಂತ ಅರ್ಥವೇ?

ಸರಾಸರಿ ಮೋಸ ಮಾಡುತ್ತದೆ. ಒಟ್ಟು ಜನರನ್ನು ಒಟ್ಟು ನೆಲದಿಂದ ಭಾಗಿಸಿದರೆ ಈಜಿಪ್ಟಿನಲ್ಲಿ ಚದರ ಕಿ.ಮೀ.ಗೆ ನೂರಕ್ಕಿಂತ ಸ್ವಲ್ಪ ಜಾಸ್ತಿ ಜನ. ಆದರೆ ನೂರಕ್ಕೆ ಸುಮಾರು 95 ಜನ ಇರುವುದು ನೂರಕ್ಕೆ ಸುಮಾರು 5 ಪಾಲು ನೆಲದಲ್ಲಿ. ಅಲ್ಲಿ ನಿಂತು ನೋಡಿದರೆ ಸಾಂದ್ರತೆ 2,000ದ ಆಸುಪಾಸು. ಅದಕ್ಕೇ ಒಟ್ಟು ನೆಲದ ಬದಲು ಸಾಗುವಳಿ ನೆಲದಿಂದ ಭಾಗಿಸುವ ಇನ್ನೊಂದು ಲೆಕ್ಕವೂ ಇದೆ.

ಹೆರಿಗೆಗಳು ಕಡಿಮೆಯಾದರೂ ಜನಸಂಖ್ಯೆ ಏರುತ್ತಲೇ ಇರುವುದು ಹೇಗೆ?

ಜನಸಂಖ್ಯಾ ಪರಿವರ್ತನೆ ಅನ್ನುವ ವಿಚಾರ ಇಲ್ಲಿ ಬೇಕು. ಮೊದಲು ಜನನವೂ ಜಾಸ್ತಿ, ಸಾವೂ ಜಾಸ್ತಿ, ಜನಸಂಖ್ಯೆ ಅಲ್ಲಿಗಲ್ಲಿಗೆ. ಶುದ್ಧ ನೀರು, ಲಸಿಕೆ, ಔಷಧ ಬಂದಾಗ ಸಾವು ಮೊದಲು ಇಳಿಯುತ್ತದೆ. ಮನೆಯಲ್ಲಿ ಎಷ್ಟು ಮಕ್ಕಳಿರಬೇಕು ಅನ್ನುವ ಯೋಚನೆ ಮಾತ್ರ ಅಷ್ಟು ಬೇಗ ಬದಲಾಗುವುದಿಲ್ಲ. ಹುಟ್ಟಿದ ಮಕ್ಕಳು ಬದುಕುತ್ತಾರೆ ಎಂಬ ನಂಬಿಕೆ ಬರಬೇಕು, ಹೆಣ್ಣುಮಕ್ಕಳು ಓದಬೇಕು. ಅದಾದ ಮೇಲೆ ಜನನ ಇಳಿಯುತ್ತದೆ. ಸಾವು ಇಳಿದು ಜನನ ಇಳಿಯದ ಆ ನಡುವಿನ ಕಾಲದಲ್ಲೇ ಜನಸಂಖ್ಯೆ ಜಿಗಿಯುವುದು. 1800ರ ಹೊತ್ತಿಗೆ ಜಗತ್ತಿನಲ್ಲಿ ಸುಮಾರು 100 ಕೋಟಿ ಜನರಿದ್ದರು. ವಿಶ್ವಸಂಸ್ಥೆಯ ಲೆಕ್ಕದಲ್ಲಿ 2022ರ ನವೆಂಬರ್ 15ಕ್ಕೆ 800 ಕೋಟಿ.

ಪ್ರತಿ ಹೆಣ್ಣಿಗೆ ಸರಾಸರಿ 2.1 ಮಕ್ಕಳಾದರೆ ಜನಸಂಖ್ಯೆ ಕೊನೆಗೆ ಒಂದು ಮಟ್ಟದಲ್ಲಿ ನಿಲ್ಲುತ್ತದೆ. ಆದರೆ ಕೂಡಲೇ ಅಲ್ಲ. ಹಿಂದೆ ಹುಟ್ಟಿದ ದೊಡ್ಡ ತಲೆಮಾರು ಈಗ ತಾಯ್ತಂದೆಯರಾಗುವ ವಯಸ್ಸಿಗೆ ಬಂದಿರುತ್ತದೆ. ಒಬ್ಬೊಬ್ಬರಿಗೆ ಮಕ್ಕಳು ಕಡಿಮೆಯಾದರೂ ಹೆರುವವರೇ ಜಾಸ್ತಿ. ಬ್ರೇಕ್ ಹಾಕಿದ ರೈಲು ಸ್ವಲ್ಪ ದೂರ ಹೋಗಿ ನಿಲ್ಲುವ ಹಾಗೆ.

ಜನ ಯಾಕೆ ವಲಸೆ ಹೋಗುತ್ತಾರೆ?

ಇದ್ದ ಜಾಗ ತಳ್ಳುತ್ತದೆ, ಹೋಗುವ ಜಾಗ ಸೆಳೆಯುತ್ತದೆ, ನಡುವೆ ಅಡ್ಡಿಗಳಿರುತ್ತವೆ. 1885ರಲ್ಲಿ ರಾವೆನ್‌ಸ್ಟೀನ್ ಎಂಬ ಭೂಗೋಳಜ್ಞ ಬ್ರಿಟನ್ನಿನ ಜನಗಣತಿ ನೋಡಿ ಕಂಡುಕೊಂಡ ಒಂದು ಮಾತು ಇವತ್ತಿಗೂ ನಿಲ್ಲುತ್ತದೆ: ಹೆಚ್ಚಿನವರು ಹೋಗುವುದು ಹತ್ತಿರಕ್ಕೇ. ಯುದ್ಧ, ಹಿಂಸೆಗೆ ಹೆದರಿ ದೇಶ ಬಿಟ್ಟವರನ್ನು ಸುಮ್ನೆ ವಲಸಿಗರು ಅಂತ ಬರೆಯಬೇಡಿ. ಅವರು ನಿರಾಶ್ರಿತರು. 1951ರ ಅಂತರರಾಷ್ಟ್ರೀಯ ಒಪ್ಪಂದದಂತೆ ಅವರಿಗೆ ಬೇರೆಯೇ ರಕ್ಷಣೆ ಇದೆ.

ನಗರಗಳು ಒಂದು ಜಾಗದಲ್ಲೇ ಯಾಕೆ ಬೆಳೆಯುತ್ತವೆ?

ಇಲ್ಲಿ ಎರಡು ವಿಚಾರ ಬೇರೆ ಮಾಡಿ. ಊರು ಕೂತಿರುವ ನೆಲ ಹೇಗಿದೆ ಅನ್ನುವುದು ಒಂದು: ನೀರಿದೆಯೇ, ಬಂದರಿದೆಯೇ, ಕಾವಲಿಗೆ ಗುಡ್ಡ ಇದೆಯೇ. ಸುತ್ತಲಿನ ಜಗತ್ತಿನ ಜೊತೆ ಅದಕ್ಕೆ ಎಂಥ ನಂಟಿದೆ ಅನ್ನುವುದು ಇನ್ನೊಂದು. ಸಿಂಗಪುರದ ನೆಲ ಚಿಕ್ಕದು, ಗಣಿಯಿಲ್ಲ, ದೊಡ್ಡ ನದಿಯಿಲ್ಲ. ಆದರೆ ಅದು ಹಿಂದೂ ಮಹಾಸಾಗರ ಮತ್ತು ದಕ್ಷಿಣ ಚೀನಾ ಸಮುದ್ರದ ನಡುವಿನ ಹಡಗು ದಾರಿಯಲ್ಲಿ, ಮಲಕ್ಕಾ ಜಲಸಂಧಿಯ ತುದಿಯಲ್ಲಿದೆ.

ನೆಲ ಅಲ್ಲೇ ಇರುತ್ತದೆ, ನಂಟು ಬದಲಾಗುತ್ತದೆ. ಮಧ್ಯ ಏಷ್ಯಾದ ಸಮರ್‌ಕಂಡ್ ಒಂದು ಕಾಲಕ್ಕೆ ಚೀನಾದಿಂದ ಪಶ್ಚಿಮಕ್ಕೆ ಹೋಗುವ ವ್ಯಾಪಾರದ ರೇಷ್ಮೆ ದಾರಿಯ ನಡುವಿನ ಶ್ರೀಮಂತ ನಗರ. ಸಮುದ್ರದ ದಾರಿಗಳು ಬಲವಾದ ಮೇಲೆ ಅದು ಬದಿಗೆ ಸರಿಯಿತು. ಅದರ ಅಕ್ಷಾಂಶ, ರೇಖಾಂಶ ಒಂದಿಷ್ಟೂ ಬದಲಾಗಿರಲಿಲ್ಲ.

ಶ್ರೀಮಂತ ದೇಶ ಅಂದರೆ ಅಭಿವೃದ್ಧಿ ಹೊಂದಿದ ದೇಶವೇ?

ಹಣ ಒಂದು ಭಾಗ ಮಾತ್ರ. 1990ರಲ್ಲಿ ಪಾಕಿಸ್ತಾನದ ಅರ್ಥಶಾಸ್ತ್ರಜ್ಞ ಮೆಹಬೂಬ್ ಉಲ್ ಹಕ್ ಅವರ ಮುಂದಾಳತ್ವದಲ್ಲಿ, ಅಮರ್ತ್ಯ ಸೇನ್ ಅವರ ಚಿಂತನೆಯ ನೆರವಿನಿಂದ ಬಂದ ಮಾನವ ಅಭಿವೃದ್ಧಿ ಸೂಚ್ಯಂಕ ಆಯಸ್ಸು, ಶಿಕ್ಷಣ, ಆದಾಯ ಮೂರನ್ನೂ ನೋಡುತ್ತದೆ. ಇದೂ ಸರಾಸರಿಯೇ. ದೇಶದೊಳಗಿನ ಅಂತರ ಇದರಲ್ಲಿ ಪೂರ್ತಿ ಕಾಣುವುದಿಲ್ಲ.

ಪ್ರಕೃತಿ ಮನುಷ್ಯರ ಬದುಕನ್ನು ತೀರ್ಮಾನಿಸುತ್ತದೆಯೇ?

ಹೌದು ಅನ್ನುವವರ ವಾದ ನಿಸರ್ಗ ನಿಯತಿವಾದ. ಪ್ರಕೃತಿ ಹಲವು ದಾರಿ ತೆರೆದಿಡುತ್ತದೆ, ಮನುಷ್ಯ ಆರಿಸುತ್ತಾನೆ ಅನ್ನುವುದು ಸಂಭವವಾದ. ನನಗೆ ಎರಡನೆಯದು ಹೆಚ್ಚು ಸರಿ ಅನ್ನಿಸುತ್ತದೆ. ನೆದರ್ಲೆಂಡ್ಸ್‌ನ ಸುಮಾರು ಕಾಲು ಭಾಗ ಸಮುದ್ರ ಮಟ್ಟಕ್ಕಿಂತ ಕೆಳಗಿದೆ. ಅಲ್ಲಿ ಜನ ಒಡ್ಡು ಕಟ್ಟಿ, ನೀರೆತ್ತಿ ಬದುಕುತ್ತಿದ್ದಾರೆ.

ಆರಿಸುವ ಕೈಗೆ ಹೊಣೆಯೂ ಇದೆ. ಮಧ್ಯ ಏಷ್ಯಾದ ಅರಾಲ್ ಸಮುದ್ರ ಒಂದು ಕಾಲದಲ್ಲಿ ಜಗತ್ತಿನ ನಾಲ್ಕನೇ ದೊಡ್ಡ ಸರೋವರ. 1960ರ ದಶಕದಿಂದ ಸೋವಿಯತ್ ಒಕ್ಕೂಟ ಅದಕ್ಕೆ ನೀರು ತರುತ್ತಿದ್ದ ಅಮು ದರಿಯಾ ಮತ್ತು ಸಿರ್ ದರಿಯಾ ನದಿಗಳನ್ನು ದೊಡ್ಡ ಮಟ್ಟದಲ್ಲಿ ಹತ್ತಿ ಹೊಲಗಳಿಗೆ ತಿರುಗಿಸಿತು. ಹತ್ತಿ ಬೆಳೆಯಿತು, ಸರೋವರ ಬತ್ತಿತು. ಮೀನುಗಾರಿಕೆ ನಿಂತಿತು. ಬಂದರಾಗಿದ್ದ ಮೊಯ್ನಾಕ್‌ನಲ್ಲಿ ಹಡಗುಗಳು ಮರಳಿನ ಮೇಲೆ ತುಕ್ಕು ಹಿಡಿದು ನಿಂತವು. ಒಣಗಿದ ತಳದ ಉಪ್ಪು ದೂಳು ಗಾಳಿಗೆ ಹಾರಿ ಜನರ ಉಸಿರಿಗೆ ಸೇರಿತು. ಉತ್ತರದ ಸಣ್ಣ ಭಾಗಕ್ಕೆ ಕಜಕಸ್ತಾನ 2005ರಲ್ಲಿ ಅಣೆಕಟ್ಟು ಮುಗಿಸಿದ ಮೇಲೆ ಅಲ್ಲಿ ನೀರು ಏರಿದೆ, ಮೀನು ಮರಳಿವೆ.

ಜಿಐಎಸ್ ಅಂದರೆ ಏನು? ಕಂಪ್ಯೂಟರ್ ಇಲ್ಲದೆ ಅರ್ಥವಾಗುವುದಿಲ್ಲವೇ?

ಪೂರ್ತಿ ಹೆಸರು ಭೌಗೋಳಿಕ ಮಾಹಿತಿ ವ್ಯವಸ್ಥೆ. ಒಂದೇ ಜಾಗದ ಬೇರೆ ಬೇರೆ ಮಾಹಿತಿಯನ್ನು ಪದರ ಪದರವಾಗಿ ಒಂದರ ಮೇಲೊಂದು ಇಟ್ಟು ನೋಡುವುದು. ರಸ್ತೆ ಒಂದು ಪದರ, ಮನೆ ಒಂದು ಪದರ, ನೀರು ಒಂದು ಪದರ. ಕಂಪ್ಯೂಟರ್ ಅದನ್ನು ಬೇಗ ಮಾಡುತ್ತದೆ, ಆದರೆ ಯೋಚನೆ ಅದಕ್ಕಿಂತ ಹಳೆಯದು.

1854ರಲ್ಲಿ ಲಂಡನ್ನಿನ ಸೋಹೊ ಭಾಗದಲ್ಲಿ ಕಾಲರಾ ಬಂತು. ಕೆಟ್ಟ ಗಾಳಿಯಿಂದ ರೋಗ ಬರುತ್ತದೆ ಅಂತ ಆಗ ಹೆಚ್ಚಿನವರು ನಂಬಿದ್ದರು. ಜಾನ್ ಸ್ನೋ ಎಂಬ ವೈದ್ಯರಿಗೆ ನೀರಿನ ಮೇಲೆ ಅನುಮಾನ. ಸತ್ತವರ ವಿಳಾಸ ಹಿಡಿದು ಬೀದಿ ಬೀದಿ ಸುತ್ತಿದರು. ಸಾವುಗಳು ಬ್ರಾಡ್ ಸ್ಟ್ರೀಟಿನ ಒಂದು ಕೈಪಂಪಿನ ಸುತ್ತ ಗುಂಪಾಗಿದ್ದವು. ಹೊಂದದ ಮನೆಗಳನ್ನೂ ಅವರು ಬಿಡಲಿಲ್ಲ. ಪಂಪಿಗೆ ಹತ್ತಿರವೇ ಇದ್ದ ಮದ್ಯ ತಯಾರಿಕೆಯ ಕೆಲಸಗಾರರಲ್ಲಿ ಯಾರೂ ಸತ್ತಿರಲಿಲ್ಲ, ಅವರು ಆ ಪಂಪಿನ ನೀರು ಕುಡಿಯುತ್ತಿರಲಿಲ್ಲ. ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿ ಒಬ್ಬ ವಿಧವೆ ಸತ್ತಿದ್ದರು, ಅವರು ರುಚಿ ಇಷ್ಟ ಅಂತ ಅದೇ ಪಂಪಿನ ನೀರು ತರಿಸಿಕೊಳ್ಳುತ್ತಿದ್ದರು. ಸ್ನೋ ಸ್ಥಳೀಯ ಆಡಳಿತದ ಮುಂದೆ ಇದನ್ನೆಲ್ಲ ಇಟ್ಟರು. ಸೆಪ್ಟೆಂಬರ್ 8ರಂದು ಪಂಪಿನ ಹಿಡಿಕೆ ತೆಗೆದರು. ಆಮೇಲೆ ಅವರು ಪ್ರಕಟಿಸಿದ ನಕ್ಷೆಯಲ್ಲಿ ಪ್ರತಿ ಸಾವಿಗೂ ಒಂದು ಸಣ್ಣ ಕಪ್ಪು ಗೆರೆ ಇದೆ. ಸಿಕ್ಕರೆ ಆ ನಕ್ಷೆಯನ್ನು ಒಮ್ಮೆ ನೋಡಿ. ಬೀದಿಯ ಹೆಸರು ಓದುವ ಮೊದಲೇ ಪಂಪು ಎಲ್ಲಿದೆ ಅಂತ ನಿಮ್ಮ ಕಣ್ಣಿಗೆ ಗೊತ್ತಾಗುತ್ತದೆ.